ಬಾಂಬೆಯಲ್ಲಿ ಊರಿನವರು



ಕೆ.ಆರ್. ಪೇಟೆ, ನಾಗಮಂಗಲದ ಕಡೆ "ಮಗ ಎಲ್ಲವ್ನೆ?" ಅಂತ ಕೇಳಿ ನೋಡಿ. "ಬಾಂಬೇಲವ್ನೆ" ಅನ್ನುವ ಮನೆಗಳು ಬೇಕಾದಷ್ಟು ಸಿಗುತ್ತವೆ. ಕನ್ನಂಬಾಡಿ ಕಟ್ಟೆಯ ನೀರು ಶ್ರೀರಂಗಪಟ್ಟಣ, ಪಾಂಡವಪುರದ ಗದ್ದೆಗಳಿಗೆ ಹರಿಯಿತು. ನಾಗಮಂಗಲದ ಬೆದ್ದಲು ಮಾತ್ರ ಮುಗಿಲು ನೋಡುತ್ತಲೇ ಉಳಿಯಿತು. ಮಳೆ ಕೈಕೊಟ್ಟರೆ ಹುಡುಗರು ರೈಲು ಹತ್ತಿದರು. ಹೋಟೆಲು ಸೇರಿದರು, ಆಟೋ ಓಡಿಸಿದರು.

ಮುಂಬಯಿಯಲ್ಲಿ ಕನ್ನಡನಾಡಿನವರ ಸಂಘಗಳಿಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಕರಾವಳಿಯ ಮೊಗವೀರರು 1902ರಲ್ಲೇ ವ್ಯವಸ್ಥಾಪಕ ಮಂಡಳಿ ಕಟ್ಟಿದರು. ಹಗಲು ದುಡಿಯುವ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದರು. 1927ರಲ್ಲಿ ಬಂಟರ ಸಂಘ ಬಂತು. ಅದಕ್ಕೆ ಒಂದು ವರ್ಷ ಮೊದಲು, 1926ರಲ್ಲಿ, ನಮ್ಮ ಹಳೇ ಮೈಸೂರಿನವರ ಮೈಸೂರು ಅಸೋಸಿಯೇಷನ್ ಹುಟ್ಟಿತು. ಮಾಟುಂಗಾದಲ್ಲಿರುವ ಅದರ ಕಟ್ಟಡದಲ್ಲಿ ನಾಟಕ, ಉಪನ್ಯಾಸ ನಡೆಯುತ್ತವೆ; 'ನೇಸರು' ಅನ್ನುವ ಪತ್ರಿಕೆಯೂ ಅವರದೇ. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗ ಮೊದಲು ಹುಡುಕುವುದು ಉಪನ್ಯಾಸವನ್ನಲ್ಲ, ತನ್ನ ಊರಿನವರ ಖೋಲಿಯನ್ನು. ಮಲಗಲು ಜಾಗ, ಕೆಲಸಕ್ಕೆ ಒಂದು ಮಾತು, ತಿಂಗಳ ಚೀಟಿ ಎಲ್ಲ ಅಲ್ಲೇ.

ಇದೇ ಕಥೆ ನ್ಯೂಯಾರ್ಕಿನಲ್ಲೂ ನಡೆದಿದೆ. 1880ರ ದಶಕದಿಂದ ರಷ್ಯಾ, ಪೋಲೆಂಡ್ ಕಡೆಯ ಯಹೂದಿಗಳು ಅಲ್ಲಿಗೆ ವಲಸೆ ಹೋದರು. ಒಂದೊಂದು ಊರಿನವರೂ ತಮ್ಮದೇ ಸಂಘ ಮಾಡಿಕೊಂಡು ವಂತಿಗೆ ಎತ್ತಿದರು. ಕಾಯಿಲೆ ಬಿದ್ದವರಿಗೆ ವೈದ್ಯರು, ಕೆಲಸ ತಪ್ಪಿದ ದಿನಕ್ಕೆ ಕಾಸು, ಕೊನೆಗೆ ಮಣ್ಣಿಗೆ ಜಾಗ. ಸ್ಮಶಾನದಲ್ಲಿ ನೆಲ ಕೊಳ್ಳುವುದು ಆ ಸಂಘಗಳ ಬಹು ಮುಖ್ಯ ಕೆಲಸವಾಗಿತ್ತು. ಬಿಟ್ಟು ಬಂದ ಊರಿಗೆ ಮರಳುವ ದಾರಿ ಹೆಚ್ಚಿನವರಿಗೆ ಇರಲಿಲ್ಲ.

ನಮ್ಮವರಿಗೆ ಇತ್ತು. ಅದಕ್ಕೇ ಇಲ್ಲಿ ವಂತಿಗೆ ಸ್ಮಶಾನದ ನೆಲಕ್ಕಲ್ಲ, ಆಂಬುಲೆನ್ಸಿಗೆ. ಹೆಚ್ಚುಕಡಿಮೆ ಸಾವಿರ ಕಿಲೋಮೀಟರು ದಾಟಿ ಹೆಣ ಊರಿಗೇ ಬರಬೇಕು, ಹೆತ್ತವರು ಮುಖ ನೋಡಬೇಕು. 2020ರ ಏಪ್ರಿಲಿನಲ್ಲಿ, ಕೊರೊನಾ ಲಾಕ್‌ಡೌನ್ ನಡುವೆ, ಹಾಗೆ ಮುಂಬಯಿಯಿಂದ ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಶವ ಬಂದಾಗ ದೊಡ್ಡ ಗದ್ದಲವೇ ಎದ್ದಿತು. ಮೇ ತಿಂಗಳಲ್ಲಿ ಬದುಕಿದ್ದವರೇ ಬಂದರು. ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಆದರು. ಅಷ್ಟು ವರ್ಷ ಅವರು ಕಳಿಸಿದ ಕಾಸಿನಲ್ಲಿ ಮನೆ ಕಟ್ಟಿದ ಊರುಗಳಲ್ಲೇ "ಬಾಂಬೆಯವರು" ಅನ್ನುವುದು ಬೈಗುಳವಾಯಿತು. ನನಗೆ ಇಂದಿಗೂ ಇದು ಸರಿಕಾಣುವುದಿಲ್ಲ.

ಮೈಸೂರು ಅಸೋಸಿಯೇಷನ್ನಿನ ಚರಿತ್ರೆ ಅಚ್ಚಿನಲ್ಲಿ ಸಿಗುತ್ತದೆ. ಖೋಲಿಗಳದ್ದು ಸಿಗುವುದಿಲ್ಲ. ನಿಮ್ಮ ಅಟ್ಟದ ಮೇಲೆ ಅಪ್ಪನದೋ ಮಾವನದೋ ಬಾಂಬೆ ಚೀಟಿ ಪುಸ್ತಕ ಬಿದ್ದಿದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ.