ಹೆರಿಗೆಗಳ ನಡುವೆ ಅಂತರವಿರಲಿ

(ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೊಬ್ಬರು ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)



ತೆಂಗಿನ ಸಸಿಗಳನ್ನು ನೆಡುವಾಗ ನೀವು ಒಂದರಿಂದ ಇನ್ನೊಂದಕ್ಕೆ 25 ರಿಂದ 30 ಅಡಿ ಅಳೆದು ಗುಂಡಿ ತೆಗೆಯುತ್ತೀರಿ. ಒತ್ತೊತ್ತಾಗಿ ನೆಟ್ಟರೆ ಬಿಸಿಲು, ನೀರು, ಗೊಬ್ಬರಗಳು ಯಾವುದಕ್ಕೂ ಸಾಲವೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರಗಳ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಮಕ್ಕಳ ವಿಷಯದಲ್ಲಿ ಮಾತ್ರ ‘ಆದಾಗ ಆಗಲಿ’ ಎಂದು ಸುಮ್ಮನಿರುವುದು ತರವೇ? ಈ ಬಗ್ಗೆ ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬಯಸುತ್ತೇನೆ.

ಬಸಿರು, ಹೆರಿಗೆ, ಬಾಣಂತನ ಇವು ತಾಯಿಯ ದೇಹದಿಂದ ರಕ್ತವನ್ನೂ ಸತ್ವವನ್ನೂ ಬಹಳವಾಗಿ ತೆಗೆದುಕೊಳ್ಳುತ್ತವೆ. ಅದು ಮತ್ತೆ ತುಂಬಿಕೊಳ್ಳಲು ಕಾಲ ಬೇಕು. ಆದುದರಿಂದ ಒಂದು ಹೆರಿಗೆಯಾದ ಮೇಲೆ ಕನಿಷ್ಠ 24 ತಿಂಗಳು ಕಳೆಯುವವರೆಗೆ ಮತ್ತೆ ಗರ್ಭ ಧರಿಸಬಾರದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಎಂದರೆ ಎರಡು ಮಕ್ಕಳ ನಡುವೆ ಸುಮಾರು 3 ವರ್ಷಗಳ ಅಂತರವಿರಬೇಕು. ಗರ್ಭಪಾತವಾದಲ್ಲಿ ಕನಿಷ್ಠ 6 ತಿಂಗಳು ಬಿಡುವಿರಬೇಕು.

ಕಳೆದ ವರ್ಷ ನಮ್ಮ ಕೇಂದ್ರಕ್ಕೆ ಇಪ್ಪತ್ತೆರಡು ವರ್ಷದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಸೊಂಟದ ಮೇಲೆ ಹನ್ನೊಂದು ತಿಂಗಳ ಕೂಸು. ಹೊಟ್ಟೆಯಲ್ಲಿ ಐದು ತಿಂಗಳ ಗರ್ಭ. ಮೆಟ್ಟಿಲು ಹತ್ತುವಷ್ಟರಲ್ಲಿ ಆಕೆಗೆ ಏದುಸಿರು. ಗರ್ಭಿಣಿಯ ರಕ್ತದಲ್ಲಿ 11 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಆಕೆಗೆ 7 ಗ್ರಾಂಗಿಂತಲೂ ಕಡಿಮೆಯಿತ್ತು. ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿ ರಕ್ತ ಕೊಡಿಸಬೇಕಾಯಿತು. ತಾಯಿಯೂ ಹೊಸ ಕೂಸೂ ಉಳಿದರು. ಆದರೆ ಎದೆಹಾಲು ಬೇಗನೆ ತಪ್ಪಿದ ಮೊದಲ ಕೂಸು ಬಡಕಲಾಗಿ, ಮೇಲಿಂದ ಮೇಲೆ ಭೇದಿಯಾಗಿ ನಮ್ಮಲ್ಲಿಗೆ ಬರುತ್ತಲೇ ಇತ್ತು. ಅಂತರವಿಲ್ಲದ ಬಸಿರಿನ ಭಾರ ಹೀಗೆ ಮೂವರ ಮೇಲೂ ಬೀಳುತ್ತದೆ.

‘ಕೂಸು ಹಾಲು ಕುಡಿಯುವವರೆಗೆ ಬಸಿರು ನಿಲ್ಲದು’ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ. ಆ ಹೆಣ್ಣುಮಗಳ ಮನೆಯವರೂ ಹಾಗೆಯೇ ನಂಬಿದ್ದರು. ಇದು ಅರ್ಧ ನಿಜ ಮಾತ್ರ. ಕೂಸಿಗೆ 6 ತಿಂಗಳು ತುಂಬಿರಬಾರದು; ಹಗಲೂ ರಾತ್ರಿಯೂ ಎದೆಹಾಲಲ್ಲದೆ ಬೇರೇನನ್ನೂ, ನೀರನ್ನೂ ಸಹ, ಕೊಡುತ್ತಿರಬಾರದು; ತಾಯಿಗೆ ಮುಟ್ಟು ಮತ್ತೆ ಆರಂಭವಾಗಿರಬಾರದು. ಈ ಮೂರೂ ಕೂಡಿದಾಗ ಮಾತ್ರ ರಕ್ಷಣೆಯುಂಟು. ಮೂರರಲ್ಲಿ ಒಂದು ತಪ್ಪಿದರೂ ಬೇರೆ ವಿಧಾನವನ್ನು ಅನುಸರಿಸಲೇಬೇಕು.

ಆ ವಿಧಾನಗಳಾವುವು? ಇವೆಲ್ಲವೂ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ಮೊದಲನೆಯದು ಕಾಪರ್-ಟಿ, ಅಂದರೆ ನೀವು ವಂಕಿ ಎಂದು ಕರೆಯುವ ಸಾಧನ. ಇದರಲ್ಲಿ 5 ವರ್ಷ ಕೆಲಸ ಮಾಡುವುದೂ 10 ವರ್ಷ ಕೆಲಸ ಮಾಡುವುದೂ ಉಂಟು. ಹೆರಿಗೆಯಾದ 48 ಗಂಟೆಗಳೊಳಗೆ ಅಥವಾ 6 ವಾರಗಳ ನಂತರ ಹಾಕಿಸಿಕೊಳ್ಳಬಹುದು. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವವೂ ನೋವೂ ತುಸು ಹೆಚ್ಚಬಹುದು, ಬರಬರುತ್ತಾ ಕಡಿಮೆಯಾಗುತ್ತದೆ. ವಂಕಿ ಎದೆಗೆ ಏರುತ್ತದೆಂಬುದು ಸುಳ್ಳು. ಮಗು ಬೇಕೆನಿಸಿದಾಗ ತೆಗೆಸಿದರೆ ಗರ್ಭಧಾರಣೆಗೆ ಅಡ್ಡಿಯಿಲ್ಲ. ಜ್ವರ, ಕಿಬ್ಬೊಟ್ಟೆಯಲ್ಲಿ ತೀವ್ರ ನೋವು, ದುರ್ವಾಸನೆಯ ಸ್ರಾವ ಕಂಡರೆ ಅಥವಾ ಮುಟ್ಟು ನಿಂತರೆ ತಡಮಾಡದೆ ಬರಬೇಕು.

ಎರಡನೆಯದು ‘ಅಂತರ’ ಚುಚ್ಚುಮದ್ದು. ಇದನ್ನು 3 ತಿಂಗಳಿಗೊಮ್ಮೆ ತೆಗೆದುಕೊಳ್ಳಬೇಕು. ಹೆರಿಗೆಯಾದ 6 ವಾರಗಳ ನಂತರ, ಹಾಲೂಡಿಸುವ ತಾಯಿಗೂ ಇದು ಸಲ್ಲುತ್ತದೆ. ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು. ಅದರಿಂದ ಕೆಟ್ಟ ರಕ್ತ ಒಳಗೆ ಶೇಖರವಾಗುವುದಿಲ್ಲ. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದೆಂಬುದನ್ನು ನೆನಪಿಡಿ.

ಮೂರನೆಯದು ಮಾತ್ರೆಗಳು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದ ಔಷಧದಿಂದ ಮಾಡಿದ ‘ಛಾಯಾ’ ಮಾತ್ರೆಯನ್ನು ಮೊದಲ 3 ತಿಂಗಳು ವಾರಕ್ಕೆರಡು ದಿನ, ಆನಂತರ ವಾರಕ್ಕೊಮ್ಮೆ ನುಂಗಬೇಕು. ಹಾಲೂಡಿಸುವವರೂ ಸೇವಿಸಬಹುದು. ‘ಮಾಲಾ-ಎನ್’ ಮಾತ್ರೆಯನ್ನು ಪ್ರತಿದಿನವೂ ನುಂಗಬೇಕು. ಹಾಲೂಡಿಸುವ ತಾಯಿ ಹೆರಿಗೆಯಾದ 6 ತಿಂಗಳವರೆಗೆ ಇದನ್ನು ಸೇವಿಸಬಾರದು. ಮಾತ್ರೆಯ ದಿನ ಮರೆಯದಿರಲು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು. ಆ ಗುರುತು ಹಾಕುವ ಕೆಲಸವನ್ನು ಗಂಡನೇ ವಹಿಸಿಕೊಂಡ ಮನೆಗಳಲ್ಲಿ ಮಾತ್ರೆ ತಪ್ಪುವುದು ಅಪರೂಪವೆಂದು ನಾನು ಕಂಡಿದ್ದೇನೆ.

ನಾಲ್ಕನೆಯದು ನಿರೋಧ್. ಇದು ಗರ್ಭವನ್ನಷ್ಟೇ ಅಲ್ಲ, ಲೈಂಗಿಕ ರೋಗಗಳನ್ನೂ ತಡೆಯಲು ನೆರವಾಗುತ್ತದೆ. ಅಂಗಡಿಯಲ್ಲಿ ಕೇಳಲು ಸಂಕೋಚವೆನಿಸಿದರೆ ಆಶಾ ಕಾರ್ಯಕರ್ತೆಯಿಂದ ಮನೆಗೇ ತರಿಸಿಕೊಳ್ಳಬಹುದು.

ಯಾವ ವಿಧಾನ ಯಾರಿಗೆ ಹೊಂದುತ್ತದೆಂಬುದನ್ನು ಪರೀಕ್ಷಿಸಿಯೇ ಹೇಳಬೇಕು. ಆದುದರಿಂದ ನೆರೆಮನೆಯವರ ಮಾತ್ರೆಯನ್ನು ಕೇಳಿ ನುಂಗಬೇಡಿ.

ಈಗ ಗಂಡಸರಿಗೆ ಒಂದು ಮಾತು. ಇನ್ನು ಮಕ್ಕಳು ಬೇಡವೆಂದು ತೀರ್ಮಾನಿಸಿದ ಮೇಲೆ ಆಪರೇಷನ್ನಿಗೆ ಹೆಂಡತಿಯನ್ನೇ ಕಳುಹಿಸುವುದು ನಮ್ಮಲ್ಲಿ ವಾಡಿಕೆ. ಹೊಟ್ಟೆಯನ್ನು ಕೊಯ್ಯದೆ, ಹೊಲಿಗೆಯೂ ಇಲ್ಲದೆ, ಕೆಲವೇ ನಿಮಿಷಗಳಲ್ಲಿ ಮುಗಿಯುವ ಪುರುಷರ ಶಸ್ತ್ರಚಿಕಿತ್ಸೆ ಇರುವಾಗ ಇದೇಕೆ?

ನನ್ನ ಮನೆಯ ಮಾತನ್ನೇ ಹೇಳುತ್ತೇನೆ. ನಮಗೆ ಇಬ್ಬರು ಹೆಣ್ಣುಮಕ್ಕಳು. ಅವರ ನಡುವೆ 4 ವರ್ಷ ಅಂತರ. ಆ ಅವಧಿಯಲ್ಲಿ ನನ್ನ ಪತ್ನಿ ಕಾಪರ್-ಟಿ ಹಾಕಿಸಿಕೊಂಡಿದ್ದರು. ಎರಡನೆಯ ಹೆರಿಗೆಯ ನಂತರ ನಾನೇ ಆಪರೇಷನ್ ಮಾಡಿಸಿಕೊಂಡೆ. ‘ಒಂದು ಗಂಡುಮಗು ಬೇಡವೇ?’ ಎಂದು ನನ್ನ ತಾಯಿ ಕೇಳಿದರು. ಮಗು ಹೆಣ್ಣೋ ಗಂಡೋ ಎಂಬುದು ತಂದೆಯ ಬೀಜದಿಂದ ನಿರ್ಧಾರವಾಗುತ್ತದೆ, ಇದರಲ್ಲಿ ಸೊಸೆಯ ಪಾತ್ರವೇನೂ ಇಲ್ಲ, ಇರುವ ಇಬ್ಬರನ್ನೇ ಚೆನ್ನಾಗಿ ಬೆಳೆಸೋಣ ಎಂದೆ. ಈಗ ಆ ಮೊಮ್ಮಕ್ಕಳನ್ನು ಶಾಲೆಗೆ ಕರೆದೊಯ್ಯುವವರು ಅವರೇ. ಎರಡು ದಿನ ವಿಶ್ರಾಂತಿ ಪಡೆದು ನಾನು ಕೆಲಸಕ್ಕೆ ಮರಳಿದೆ. ಒಂದು ವಾರ ಭಾರ ಎತ್ತಲಿಲ್ಲ, ಸೈಕಲ್ ತುಳಿಯಲಿಲ್ಲ. ಶಕ್ತಿಯೂ ಕುಗ್ಗಲಿಲ್ಲ, ದಾಂಪತ್ಯಸುಖಕ್ಕೂ ಕುಂದು ಬರಲಿಲ್ಲ. ಆದರೆ ಒಂದು ಎಚ್ಚರಿಕೆ: ಈ ಶಸ್ತ್ರಚಿಕಿತ್ಸೆ ಅಂದೇ ಫಲ ಕೊಡುವುದಿಲ್ಲ. 3 ತಿಂಗಳು ನಿರೋಧ್ ಬಳಸಿ, ಆನಂತರ ವೀರ್ಯ ಪರೀಕ್ಷೆ ಮಾಡಿಸಿ, ಇನ್ನು ಭಯವಿಲ್ಲವೆಂದು ವೈದ್ಯರು ಹೇಳುವವರೆಗೆ ಕಾಯಬೇಕು. ಇದನ್ನು ಶಾಶ್ವತವೆಂದೇ ತಿಳಿದು, ಇಬ್ಬರೂ ಒಪ್ಪಿ ನಿರ್ಧರಿಸಬೇಕು.

ಇದು ನಮ್ಮ ನಾಡಿಗೆ ಹೊಸ ವಿಚಾರವೇನಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನವು ಸಂತಾನ ನಿಯಂತ್ರಣಕ್ಕಾಗಿ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆದಿತ್ತು. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಕೆಲವೇ ಊರುಗಳಲ್ಲಿದ್ದ ಅನುಕೂಲ ಇಂದು ನಿಮ್ಮ ಉಪಕೇಂದ್ರದ ಬಾಗಿಲಲ್ಲಿದೆ.

ಯಾರ ಒತ್ತಾಯವೂ ಇಲ್ಲ, ಆಯ್ಕೆ ನಿಮ್ಮದು. ಆದರೆ ಹೆಂಡತಿಯೊಬ್ಬಳನ್ನೇ ಕಳುಹಿಸಬೇಡಿ, ಜೊತೆಯಾಗಿ ಬನ್ನಿ. ಮನಸ್ಸಿನಲ್ಲಿರುವ ಸಂಶಯವನ್ನು ಕೇಳಿ. ಮುಂದಿನ ಮಗು ಯಾವಾಗ ಎಂಬ ಮಾತನ್ನು ಈ ರಾತ್ರಿ ಊಟವಾದ ಮೇಲೆ ಗಂಡ ಹೆಂಡತಿ ಕುಳಿತು ಆಡಿದರೆ ನನ್ನ ಈ ಭಾಷಣ ಸಾರ್ಥಕ.