ಗಣಕಯಂತ್ರದ ಬೀಗ, ಸಂಘದ ಬೀಗದ ಕೈ

(ಬೆಳ್ಳಿಹಬ್ಬದ ಅಂಗವಾಗಿ ನಂತೂರಿನಲ್ಲಿ ಜರಗಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ಕೃಷಿಕ. ಗಣಕಯಂತ್ರದ ಬಗ್ಗೆ ಇವರೆಂತ ಮಾತಾಡುವುದು ಎಂದು ಕೆಲವರಿಗೆ ಅನಿಸಬಹುದು. ಆದರೆ ಇಂದಿನ ವಿಷಯ ಬೀಗದ್ದು. ಬೀಗ ಎಂದರೆ ಏನೆಂದು ನಮಗೆಲ್ಲ ಗೊತ್ತುಂಟು.

ಮೊಳಹಳ್ಳಿ ಶಿವರಾಯರಂಥ ಹಿರಿಯರು ಸಹಕಾರ ಚಳವಳಿಗೆ ಬುನಾದಿ ಹಾಕಿದ ಜಿಲ್ಲೆ ನಮ್ಮದು. 1914ರಲ್ಲಿ ಪುತ್ತೂರಿನಲ್ಲಿ ನಮ್ಮ ಜಿಲ್ಲಾ ಬ್ಯಾಂಕು ಹುಟ್ಟಿತು. ಇಂಥ ಸಂಸ್ಥೆಗಳಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಉಂಟು. ತಿಜೋರಿಗೆ ಎರಡು ಬೀಗದ ಕೈ. ಒಂದು ಕಾರ್ಯದರ್ಶಿಯವರಲ್ಲಿ, ಇನ್ನೊಂದು ನಗದು ಗುಮಾಸ್ತರಲ್ಲಿ. ಇದು ಯಾರ ಮೇಲಿನ ಸಂಶಯವೂ ಅಲ್ಲ. ಒಬ್ಬರು ಹಾಸಿಗೆ ಹಿಡಿದರೂ ಸಂಘದ ವ್ಯವಹಾರ ನಿಲ್ಲಬಾರದು, ಹಣ ಒಬ್ಬರ ಕೈಯಲ್ಲೇ ಇರಬಾರದು ಎಂಬ ವಿವೇಕ.

ಈಗ ಲೆಕ್ಕವೆಲ್ಲ ಗಣಕಯಂತ್ರಕ್ಕೆ ಬಂದಿದೆ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಒಳ್ಳೆಯದೇ. ಆದರೆ ಈ ಹೊಸ ತಿಜೋರಿಯ ಬೀಗದ ಕೈ ಎಲ್ಲಿ? ಒಬ್ಬರ ನೆನಪಿನಲ್ಲಿರುವ ಗುಪ್ತಪದದಲ್ಲಿ, ಒಬ್ಬರ ಜೇಬಿನಲ್ಲಿರುವ ಮೊಬೈಲಿನ ಒಟಿಪಿಯಲ್ಲಿ!

ನಮ್ಮಲ್ಲಿ ಆದದ್ದು ಹಲವರಿಗೆ ನೆನಪಿರಬಹುದು. ಸಾಲದ ವಾಯಿದೆ ಮುಗಿಯುವ ದಿನ ಹತ್ತಿರವಿತ್ತು, ಸದಸ್ಯರು ಹಣ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದರು. ಗಣಕಯಂತ್ರ ಮಾತ್ರ ಒಳಗೆ ಬಿಡುವುದಿಲ್ಲ. ಒಟಿಪಿ ಹೋಗುತ್ತಿದ್ದದ್ದು ನಿವೃತ್ತರಾದ ನೌಕರರೊಬ್ಬರ ಸಂಖ್ಯೆಗೆ. ನಮ್ಮ ರಾಜ್ಯದಲ್ಲಿ 2023-24ರಿಂದ 5 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಕೃಷಿ ಸಾಲಕ್ಕೆ ಬಡ್ಡಿ ಇಲ್ಲ. ಆದರೆ ವಾಯಿದೆಯೊಳಗೆ ಕಟ್ಟಿದರೆ ಮಾತ್ರ. ದಿನ ತಪ್ಪಿದರೆ ನಷ್ಟ ಯಾರಿಗೆ? ಬೆವರು ಸುರಿಸಿದವನಿಗೆ. ಅಂದು ಗುಮಾಸ್ತರು ಕೈಬರಹದ ರಶೀದಿ ಕೊಟ್ಟು ಹಣ ಪಡೆದರು. ನಿವೃತ್ತರಾದವರು ಫೋನಿನಲ್ಲಿ ಸಿಕ್ಕಿದರು, ಕೆಲಸ ಆಯಿತು. ಆ ಸಂಖ್ಯೆಯೇ ಬಂದ್ ಆಗಿದ್ದರೆ? ಬಳಕೆ ಇಲ್ಲದೆ ಬಂದ್ ಆದ ಸಂಖ್ಯೆಯನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಲು ಅವಕಾಶವಿದೆ. ಆಗ ಸಂಘದ ಬೀಗದ ಕೈ ಗುರುತು ಪರಿಚಯ ಇಲ್ಲದವರ ಕೈಯಲ್ಲಿ!

ಹಾಗಾದರೆ ಬೀಗ ಬಿದ್ದಾಗ ಏನು ಮಾಡಬೇಕು? ನಂತೂರು ಸರ್ಕಲಿನಲ್ಲಿ ವಾಹನಗಳು ಸಿಕ್ಕಿಹಾಕಿಕೊಂಡಾಗ ಹಾರ್ನ್ ಹೊಡೆದರೆ ದಾರಿ ಬಿಡುವುದಿಲ್ಲ. ಇಲ್ಲೂ ಹಾಗೆಯೇ, ಗುಪ್ತಪದವನ್ನು ಮತ್ತೆ ಮತ್ತೆ ಒತ್ತಿ ಪ್ರಯೋಜನ ಇಲ್ಲ. ಹೊಸ ವಿಂಡೋಸ್ 11 ಗಣಕಯಂತ್ರಗಳಲ್ಲಿ 10 ಸಲ ತಪ್ಪಿದರೆ ಸಾಮಾನ್ಯವಾಗಿ 10 ನಿಮಿಷ ಬೀಗ ಬೀಳುತ್ತದೆ. ಕಾಯಬೇಕು. ಅಷ್ಟರಲ್ಲಿ ಕ್ಯಾಪ್ಸ್ ಲಾಕ್ ಒತ್ತಿಹೋಗಿದೆಯೇ, ಕೀಲಿಮಣೆ ಕನ್ನಡದಲ್ಲೇ ಉಳಿದಿದೆಯೇ ಎಂದು ನೋಡಬೇಕು. ಅರ್ಧಕ್ಕರ್ಧ ತೊಂದರೆ ಅಲ್ಲೇ ಇರುತ್ತದೆ.

ಗುಪ್ತಪದ ನಿಜವಾಗಿ ಮರೆತಿದ್ದರೆ, ಅದೇ ಯಂತ್ರದಲ್ಲಿ ಆಡಳಿತಗಾರರ ಅಧಿಕಾರವಿರುವ ಇನ್ನೊಂದು ಖಾತೆಯಿಂದ ಹೊಸತು ಕೊಡಬಹುದು. ಮೈಕ್ರೋಸಾಫ್ಟ್ ಖಾತೆಯಾದರೆ ಮೊದಲೇ ಕೊಟ್ಟ ಮೊಬೈಲ್ ಅಥವಾ ಇಮೇಲ್ ಮೂಲಕ ಬದಲಾಯಿಸಬಹುದು. ಗೂಗಲ್ ಖಾತೆಯಾದರೆ ದಿನಾ ಬಳಸುವ ಯಂತ್ರದಿಂದ, ದಿನಾ ಕುಳಿತುಕೊಳ್ಳುವ ಜಾಗದಿಂದಲೇ ಪ್ರಯತ್ನಿಸಬೇಕು. ಎರಡು ಹಂತದ ಭದ್ರತೆ ಹಾಕಿಕೊಂಡವರಿಗೆ ಗೂಗಲ್ 8 ಅಂಕಿಗಳ 10 ಸಂಕೇತಗಳನ್ನು ಕೊಡುತ್ತದೆ. ಒಂದೊಂದು ಒಂದೇ ಸಲಕ್ಕೆ. ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರೆ 48 ಅಂಕಿಗಳ ಕೀಲಿ ಇರುತ್ತದೆ. ಇವನ್ನೆಲ್ಲ ಕಾಗದದಲ್ಲಿ ಬರೆದು, ಲಕೋಟೆಗೆ ಅರಗಿನ ಮುದ್ರೆ ಹಾಕಿ, ತಿಜೋರಿಯಲ್ಲೇ ಇಡಬೇಕು. ಹಳೆಯ ತಿಜೋರಿ ಹೊಸ ತಿಜೋರಿಯನ್ನು ಕಾಯಲಿ.

ಮೊಬೈಲು ಕಳೆದುಹೋದರೆ ಮೊದಲು ಅದೇ ಸಂಖ್ಯೆಯ ಸಿಮ್ ಪಡೆಯಿರಿ. ಹೊಸ ಸಿಮ್‌ಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಅದು ಕಳ್ಳರನ್ನು ತಡೆಯಲು ಮಾಡಿದ ಏರ್ಪಾಡು, ಗಾಬರಿ ಬೇಡ.

ಎರಡು ಕೆಲಸ ಮಾತ್ರ ಖಂಡಿತ ಮಾಡಬೇಡಿ. "ಫಾರ್ಮ್ಯಾಟ್ ಮಾಡುವ, ಸರಿಯಾಗ್ತದೆ" ಎಂದು ಯಾರಾದರೂ ಹೇಳಿದರೆ ಬ್ಯಾಕಪ್ ಇಲ್ಲದೆ ಒಪ್ಪಬೇಡಿ. ಬೀಗದೊಂದಿಗೆ ಲೆಕ್ಕವೂ ಹೋಗುತ್ತದೆ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕಿದ ಸಹಾಯವಾಣಿಗೆ ಒಟಿಪಿ ಹೇಳಬೇಡಿ, ಅವರು ಹೇಳಿದ ಆಪ್ ಹಾಕಿಕೊಳ್ಳಬೇಡಿ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ಕೆಲವರು ಕೇಳುತ್ತಾರೆ: "ಎಲ್ಲರಿಗೂ ಒಂದೇ ಗುಪ್ತಪದ ಇದ್ದರೆ ಆಗುವುದಿಲ್ಲವೇ?" ಆಗುವುದಿಲ್ಲ. ನಮ್ಮ ರಾಜ್ಯದ ಭೂಮಿ ಯೋಜನೆಯಲ್ಲಿ ಪಹಣಿಯನ್ನು ಗಣಕಯಂತ್ರಕ್ಕೆ ಏರಿಸಿದಾಗ, ಒಳಹೋಗಲು ಅಧಿಕಾರಿಯ ಬೆರಳಚ್ಚು ಬೇಕೆಂದು ಮಾಡಿದರು. ಯಾಕೆ? ನಾಳೆ "ಇದು ನಾನು ಮಾಡಿದ್ದಲ್ಲ" ಎನ್ನಲು ಆಗಬಾರದು. ಸಂಘದಲ್ಲೂ ಹಾಗೆ. ಒಂದೇ ಗುಪ್ತಪದವನ್ನು ನಾಲ್ವರು ಬಳಸಿದರೆ, ಲೆಕ್ಕ ತಪ್ಪಿದ ದಿನ ಪ್ರಾಮಾಣಿಕ ನೌಕರನೂ ತಲೆ ತಗ್ಗಿಸಿ ನಿಲ್ಲಬೇಕಾದೀತು. ಪ್ರತಿಯೊಬ್ಬರಿಗೂ ಅವರವರ ಪ್ರವೇಶ, ಆಡಳಿತಗಾರರ ಅಧಿಕಾರ ಇಬ್ಬರಿಗೆ. ಇದು ಸರಿ.

ಆದುದರಿಂದ ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ನನ್ನ ವಿನಂತಿ ಮೂರು. ಒಟಿಪಿ ಬರುವ ಮೊಬೈಲೂ ಇಮೇಲೂ ಸಂಘದ ಹೆಸರಿನಲ್ಲೇ ಇರಲಿ. ನೌಕರರು ನಿವೃತ್ತರಾದಾಗ ಅಥವಾ ವರ್ಗವಾದಾಗ ದಾಸ್ತಾನು ಪಟ್ಟಿಯಂತೆ ಪ್ರವೇಶವನ್ನೂ ಸಹಿ ಹಾಕಿ ಹಸ್ತಾಂತರಿಸಲಿ. ವರ್ಷಕ್ಕೊಮ್ಮೆ, ಮಹಾಸಭೆಗೆ ಮೊದಲು, ಲಕೋಟೆ ತೆರೆದು ಎರಡನೆಯ ಬೀಗದ ಕೈ ಕೆಲಸ ಮಾಡುತ್ತದೋ ಎಂದು ನೋಡಿ ಪುನಃ ಮುದ್ರೆ ಹಾಕಲಿ.

ಲೆಕ್ಕ ಸದಸ್ಯರದ್ದು. ಅದನ್ನು ತೆರೆಯುವ ದಾರಿಯೂ ಸಂಘದ್ದೇ ಆಗಿರಬೇಕು.  ಜೈ ಸಹಕಾರ.