ಪದವಿಯಿಂದ ವೃತ್ತಿಗೆ

ಕನ್ನಡದಲ್ಲಿ ‘ಪದವಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟಷ್ಟೆ. ವಿಶ್ವವಿದ್ಯಾನಿಲಯವು ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಕೊಡತಕ್ಕ ಬಿರುದು ಒಂದು. ಲೋಕದಲ್ಲಿ ಮನುಷ್ಯನಿಗೆ ದೊರೆಯತಕ್ಕ ಸ್ಥಾನ ಇನ್ನೊಂದು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಕಾಲದಲ್ಲಿ ಈ ಎರಡು ಅರ್ಥಗಳ ನಡುವೆ ಹೆಚ್ಚಿನ ಅಂತರವಿರಲಿಲ್ಲ. ಪದವೀಧರರು ಕೆಲವರೇ, ಅವರನ್ನು ಬೇಡುವ ಕಚೇರಿಗಳೂ ಶಾಲೆಗಳೂ ಹಲವು. ಬಿ.ಎ. ಎಂಬ ಎರಡಕ್ಷರಗಳು ಹೆಸರಿನ ಮಗ್ಗುಲಿಗೆ ಬಂದುವೆಂದರೆ ಮನೆಯವರು ನಿಶ್ಚಿಂತರಾಗುತ್ತಿದ್ದರು. ಇಂದು ಮೊದಲನೆಯ ಪದವಿಯಿಂದ ಎರಡನೆಯ ಪದವಿಗೆ ಹೋಗುವ ದಾರಿ ನೀಳವಾಗಿದೆ. ಆ ದಾರಿಯಲ್ಲಿ ದೀಪಗಳೂ ಕಡಮೆ. ಅದನ್ನು ಕುರಿತು ಕೆಲವು ಮಾತುಗಳನ್ನು ಈ ದಿನ ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇನೆ.

‘ಈಗಿನ ಹುಡುಗರಿಗೆ ಏನೂ ಬಾರದು’ ಎಂಬ ದೂರನ್ನು ನಾವೆಲ್ಲರೂ ಕೇಳಿದ್ದೇವೆ. ಕಾರ್ಖಾನೆಯ ಯಜಮಾನರು ಹೇಳುತ್ತಾರೆ, ಕಚೇರಿಯ ಮೇಲಧಿಕಾರಿಗಳು ಹೇಳುತ್ತಾರೆ, ಕೆಲವು ವೇಳೆ ನಮ್ಮ ಅಧ್ಯಾಪಕಮಿತ್ರರೇ ಹೇಳುವುದುಂಟು. ಈ ದೂರು ನನಗೆ ಸಂಪೂರ್ಣವಾಗಿ ಒಪ್ಪಿಗೆಯಾದುದಲ್ಲ. ಹುಡುಗರಿಗೆ ಬರುವುದು ಬೇಕಾದಷ್ಟಿದೆ. ಆದರೆ ನಾವು ಅವರಿಗೆ ಹದಿನೈದು ಹದಿನಾರು ವರ್ಷಗಳ ಕಾಲ ಒಂದು ರೀತಿಯ ನಡತೆಯನ್ನು ಕಲಿಸಿ, ಹದಿನೇಳನೆಯ ವರ್ಷದಲ್ಲಿ ಒಮ್ಮೆಗೇ ಅದಕ್ಕೆ ತೀರ ವಿರುದ್ಧವಾದ ನಡತೆಯನ್ನು ಅಪೇಕ್ಷಿಸುತ್ತೇವೆ.

ಪರೀಕ್ಷೆಯ ಕೊಠಡಿಯನ್ನು ನೆನೆಸಿಕೊಳ್ಳಿ. ಅಲ್ಲಿ ಪಕ್ಕದವನನ್ನು ಕೇಳುವುದು ಅಪರಾಧ. ಕೇಳಿದವನನ್ನು ಹೊರಕ್ಕೆ ಕಳುಹಿಸುತ್ತೇವೆ. ಕಚೇರಿಯಲ್ಲಿಯಾದರೋ ಗೊತ್ತಿಲ್ಲದುದನ್ನು ಪಕ್ಕದವನಲ್ಲಿ ಕೇಳದೆ ಊಹೆಯ ಮೇಲೆ ಬರೆದಿಡುವುದೇ ಅಪರಾಧ. ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತೈದನ್ನು ಪಡೆದವನು ತೇರ್ಗಡೆಯಾಗುತ್ತಾನೆ, ಅರುವತ್ತನ್ನು ಪಡೆದವನು ಪ್ರಥಮ ದರ್ಜೆಯವನಾಗುತ್ತಾನೆ. ಬ್ಯಾಂಕಿನ ಲೆಕ್ಕದಲ್ಲಿ ನೂರು ಬಾಬುಗಳ ಪೈಕಿ ತೊಂಬತ್ತೊಂಬತ್ತು ಸರಿಯಾಗಿ ಒಂದು ತಪ್ಪಿದ್ದರೆ ಲೆಕ್ಕವೇ ತಪ್ಪು. ಆ ದಿನ ಯಾರೂ ಮನೆಗೆ ಹೋಗುವಂತಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬೇರೊಬ್ಬರು ಸಿದ್ಧಪಡಿಸಿ ಅಚ್ಚು ಹಾಕಿಸಿ ಕೈಗೆ ಕೊಡುತ್ತಾರೆ. ಉತ್ತರವುಂಟೆಂಬ ಭರವಸೆಯೂ ಅದರೊಡನೆ ಬಂದಿರುತ್ತದೆ. ಕೆಲಸದಲ್ಲಿ ಪ್ರಶ್ನೆಯನ್ನೇ ಹುಡುಕಿಕೊಳ್ಳಬೇಕು, ಉತ್ತರವಿಲ್ಲದೆಯೂ ಇರಬಹುದು. ಇಷ್ಟೊಂದು ವ್ಯತ್ಯಾಸವಿರುವಾಗ ಹೊಸಬನು ತಬ್ಬಿಬ್ಬಾಗುವುದರಲ್ಲಿ ಆಶ್ಚರ್ಯವೇನು?

ನನಗೆ ಪರಿಚಿತನಾದ ಒಬ್ಬ ವಿದ್ಯಾರ್ಥಿಯ ಸಂಗತಿಯನ್ನು ಹೇಳುತ್ತೇನೆ. ಬಯಲುಸೀಮೆಯ ಒಂದು ಹಳ್ಳಿಯವನು. ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಲನ್ನು ಹತ್ತಿದವರಲ್ಲಿ ಅವನೇ ಮೊದಲಿಗ. ರಸಾಯನಶಾಸ್ತ್ರದಲ್ಲಿ ಪ್ರಥಮ ದರ್ಜೆ. ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನಕ್ಕೆ ಇಷ್ಟು ಮಾದರಿಗಳನ್ನು ತೂಗಿ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯಬೇಕು. ತಾನು ಉಪಯೋಗಿಸುತ್ತಿದ್ದ ತಕ್ಕಡಿ ಸರಿಯಾಗಿಲ್ಲವೆಂಬುದು ಎರಡನೆಯ ದಿನವೇ ಅವನ ಗಮನಕ್ಕೆ ಬಂದಿತು. ಒಂದೇ ಮಾದರಿಯನ್ನು ಎರಡು ಸಲ ತೂಗಿದರೆ ಎರಡು ಬಗೆಯ ತೂಕವನ್ನು ತೋರಿಸುತ್ತಿತ್ತು. ಆದರೆ ಹೇಳಲಿಲ್ಲ. ಆ ತಕ್ಕಡಿಯಲ್ಲಿಯೇ ಅಲ್ಲಿನ ಹಿರಿಯರು ವರ್ಷಗಳಿಂದ ತೂಗುತ್ತ ಬಂದಿದ್ದರು. ನಿನ್ನೆ ಬಂದ ತಾನು ಅದು ಕೆಟ್ಟಿದೆಯೆಂದು ಹೇಳುವುದು ಉದ್ಧಟತನವಾದೀತೆಂದು ಹೆದರಿದನು. ಮೂರು ವಾರಗಳಾದ ಮೇಲೆ ಹಿಂದಕ್ಕೆ ಬಂದ ಸರಕಿನಿಂದ ವಿಷಯ ಹೊರಬಿದ್ದಿತು. ‘ನಿನಗೆ ತಿಳಿಯಲಿಲ್ಲವೇನಯ್ಯ?’ ಎಂದು ಕೇಳಿದ್ದಕ್ಕೆ ‘ತಿಳಿದಿತ್ತು ಸಾರ್’ ಎಂದನಂತೆ. ಸತ್ಯವನ್ನೇ ನುಡಿದನು, ಆದರೆ ಆ ಉತ್ತರದಿಂದಲೇ ಅವನ ಕೆಲಸ ಹೋಯಿತು. ಅವನ ತಂದೆ ಆ ವರ್ಷ ಮಗನ ಸಂಬಳವನ್ನು ನಂಬಿ ಸಾಲ ಮಾಡಿದ್ದರು.

ಈ ಹುಡುಗನಿಗೆ ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ತಕ್ಕಡಿಯ ದೋಷವನ್ನು ಕಂಡುಹಿಡಿಯುವಷ್ಟು ಚೆನ್ನಾಗಿಯೇ ಕಾಲೇಜು ಅವನಿಗೆ ಪಾಠ ಹೇಳಿತ್ತು. ಕಂಡುದನ್ನು ಹಿರಿಯರ ಮುಂದೆ ವಿನಯದಿಂದ, ಆದರೂ ಸ್ಪಷ್ಟವಾಗಿ ಹೇಳುವುದು ಹೇಗೆಂಬುದನ್ನು ಅವನಿಗೆ ಯಾರೂ ಅಭ್ಯಾಸ ಮಾಡಿಸಿರಲಿಲ್ಲ. ಅದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಕೆಲಸದ ನಡುವೆ ಇದ್ದು, ಬಲ್ಲವರ ಕಣ್ಣಿನ ಕೆಳಗೆ ಕಲಿಯಬೇಕಾದುದು.

ಹಳೆಯ ವೃತ್ತಿಗಳಿಗೆ ಈ ಮರ್ಮ ಗೊತ್ತು. ವೈದ್ಯವಿದ್ಯಾರ್ಥಿಯು ನಾಲ್ಕೂವರೆ ವರ್ಷ ಓದಿ ಅಂತಿಮ ಪರೀಕ್ಷೆಯಲ್ಲಿ ಗೆದ್ದರೂ ಸ್ವತಂತ್ರವಾಗಿ ಔಷಧ ಬರೆಯುವ ಅಧಿಕಾರ ಅವನಿಗೆ ಬರುವುದಿಲ್ಲ. ಮತ್ತೆ ಹನ್ನೆರಡು ತಿಂಗಳು ಆಸ್ಪತ್ರೆಯ ಒಂದೊಂದು ವಿಭಾಗದಲ್ಲಿಯೂ ಸರದಿಯ ಮೇಲೆ ದುಡಿಯಬೇಕು. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು 1949ರ ಕಾಯಿದೆಯಿಂದ ಏರ್ಪಟ್ಟುದು. ಅಲ್ಲಿಯೂ ಶಿಷ್ಯನು ಒಬ್ಬ ಹಿರಿಯ ಲೆಕ್ಕಿಗರ ಕೈಕೆಳಗೆ ಕೆಲಸ ಕಲಿಯಲೇಬೇಕೆಂಬ ಕಟ್ಟಳೆಯುಂಟು. ಬಹುಕಾಲ ಮೂರು ವರ್ಷವಾಗಿದ್ದ ಈ ಅವಧಿಯನ್ನು 2023ರಲ್ಲಿ ಎರಡು ವರ್ಷಕ್ಕೆ ಇಳಿಸಿದರು.

ವಕೀಲಿ ವೃತ್ತಿಯ ಕಥೆ ಇವೆರಡಕ್ಕಿಂತ ಸ್ವಾರಸ್ಯವಾದುದು. 1961ರ ಅಡ್ವೊಕೇಟರ ಕಾಯಿದೆಯಲ್ಲಿ ಮೊದಲು ತರಬೇತಿಯ ನಿಯಮವಿದ್ದಿತು. 1973ರ ತಿದ್ದುಪಡಿಯಿಂದ ಅದು ಹೋಯಿತು. 1995ರಲ್ಲಿ ಬಾರ್ ಕೌನ್ಸಿಲು ಒಂದು ವರ್ಷದ ತರಬೇತಿಯನ್ನು ಮತ್ತೆ ತಂದಿತು. ಹಾಗೆ ತರಲು ಕೌನ್ಸಿಲಿಗೆ ಅಧಿಕಾರವಿಲ್ಲವೆಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿಯಮಗಳನ್ನು ರದ್ದುಮಾಡಿತು. ನ್ಯಾಯಾಧೀಶರ ನೇಮಕದಲ್ಲಿಯೂ ಇದೇ ತೂಗುಯ್ಯಾಲೆ. ನಮ್ಮ ಕನ್ನಡಿಗರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರ ಆಯೋಗದ ಶಿಫಾರಸನ್ನು ಅನುಸರಿಸಿ, ಆಗತಾನೆ ಪದವಿ ಪಡೆದವರೂ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂಡಬಹುದೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಕನಿಷ್ಠಪಕ್ಷ ಮೂರು ವರ್ಷ ವಕೀಲಿ ನಡೆಸಿದವರಿಗೆ ಮಾತ್ರ ಅವಕಾಶವೆಂದು ಹಿಂದಿನ ನಿಯಮವನ್ನು ಪುನಃ ಸ್ಥಾಪಿಸಿತು. ಇಪ್ಪತ್ತಮೂರು ವರ್ಷಗಳ ಅನುಭವದಿಂದ, ಬರಿಯ ಓದು ಸಾಲದೆಂಬ ನಿರ್ಧಾರಕ್ಕೆ ಬಂದರೆಂದಾಯಿತು.

ವೈದ್ಯನಿಗೆ, ಲೆಕ್ಕಿಗನಿಗೆ, ವಕೀಲನಿಗೆ ಇಷ್ಟು ಚಿಂತೆ ಮಾಡುವವರಿದ್ದಾರೆ. ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಓದಿದವರ ಗತಿಯೇನು? ನಮ್ಮ ಕಾಲೇಜುಗಳಲ್ಲಿ ಹೆಚ್ಚು ಮಂದಿ ಇವರೇ. ಇವರ ಓದಿನ ಅವಧಿಯೇ ಸ್ಥಿರವಾಗಿ ನಿಂತಿಲ್ಲ. 2021-22ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷಗಳ ಆನರ್ಸ್ ಕ್ರಮ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಗಳ ಕ್ರಮಕ್ಕೆ ಮರಳಿದೆವು. (ಪಠ್ಯಕ್ರಮವನ್ನು ಬರೆಯುವುದಕ್ಕೂ ಅಳಿಸುವುದಕ್ಕೂ ಅಧ್ಯಾಪಕರಿಗೆ ಒಳ್ಳೆಯ ಅಭ್ಯಾಸವಾಯಿತೆಂದು ಸಮಾಧಾನ ಪಡಬೇಕು.)

ಆದರೂ ಒಂದು ಬಾಗಿಲು ತೆರೆದಿದೆ. ಅದು ಇರುವುದು ಬಹಳ ಮಂದಿಗೆ ತಿಳಿಯದು. 1961ರ ಅಪ್ರೆಂಟಿಸರ ಕಾಯಿದೆಯು ಮೊದಲು ಕೈಗಾರಿಕೆಯ ಕುಶಲ ಕೆಲಸಗಳನ್ನು ಕಲಿಯುವವರಿಗಾಗಿ ಹುಟ್ಟಿದುದು. 1973ರಲ್ಲಿ ಇಂಜಿನಿಯರಿಂಗ್ ಪದವೀಧರರನ್ನು ಅದರೊಳಕ್ಕೆ ಸೇರಿಸಿದರು. 2014ರ ತಿದ್ದುಪಡಿಯಿಂದ ಇತರ ಪದವೀಧರರಿಗೂ ಪ್ರವೇಶ ದೊರೆಯಿತು. ಮೂವತ್ತು ಮಂದಿಗೆ ಕಡಮೆಯಿಲ್ಲದೆ ಕೆಲಸಗಾರರಿರುವ ಸಂಸ್ಥೆಯು ತನ್ನ ಕೆಲಸಗಾರರ ಸಂಖ್ಯೆಯಲ್ಲಿ ನೂರಕ್ಕೆ ಎರಡೂವರೆಯಿಂದ ಹದಿನೈದರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳತಕ್ಕದ್ದೆಂದು 2019ರಲ್ಲಿ ನಿಯಮವಾಯಿತು. ಪದವೀಧರರಿಗೆ ತಿಂಗಳಿಗೆ 9,000 ರೂಪಾಯಿಗೆ ಕಡಮೆಯಿಲ್ಲದ ವೇತನವೆಂದೂ ಆಗ ಗೊತ್ತುಮಾಡಿದರು. ಕೇಂದ್ರ ಸರ್ಕಾರದ ತರಬೇತಿ ಯೋಜನೆಯಲ್ಲಿ ಈ ಕನಿಷ್ಠ ವೇತನದ ಅರ್ಧವನ್ನು ಸರ್ಕಾರವೇ ಭರಿಸುವ ಏರ್ಪಾಡಿದೆ. ದಕ್ಷಿಣದ ರಾಜ್ಯಗಳಿಗೆ ಸಂಬಂಧಪಟ್ಟ ಮಂಡಲಿಯು ಚೆನ್ನೈಯಲ್ಲಿದೆ. ನಮ್ಮ ಬಿ.ಎ. ತರಗತಿಗಳಲ್ಲಿ ಇದನ್ನು ಬಲ್ಲವರು ಎಷ್ಟು ಜನ ಎಂದು ಕೇಳಿದಾಗಲೆಲ್ಲ ಒಂದೆರಡು ಕೈಗಳಿಗಿಂತ ಹೆಚ್ಚು ಮೇಲೆದ್ದುದನ್ನು ನಾನು ಕಂಡಿಲ್ಲ.

ವೇತನದ ಮಾತನ್ನು ಬೇಕೆಂದೇ ಎತ್ತಿದೆನು. ಹಿಂದಿನ ಕಾಲದ ಕಚೇರಿಗಳಲ್ಲಿ ಉಮೇದುವಾರರೆಂಬುವರಿದ್ದರು. ಸಂಬಳವಿಲ್ಲದೆ ಗುಮಾಸ್ತೆಯ ಪಕ್ಕದಲ್ಲಿ ಕುಳಿತು ನಕಲು ಬರೆಯುತ್ತ, ಎಂದಾದರೊಂದು ದಿನ ಜಾಗ ಖಾಲಿಯಾದೀತೆಂದು ಕಾಯುತ್ತಿದ್ದವರು. ಆ ಪದ್ಧತಿ ಹೋಯಿತೆಂದು ನಾವು ತಿಳಿದಿದ್ದೆವು. ಈಗ ‘ಇಂಟರ್ನ್‌ಷಿಪ್’ ಎಂಬ ಹೊಸ ಹೆಸರಿನಿಂದ ಹಿಂದಿರುಗಿದೆ. ಸಂಬಳವಿಲ್ಲದ ಇಂಟರ್ನ್‌ಷಿಪ್ಪನ್ನು ಯಾರು ಮಾಡಬಲ್ಲರು? ಬೆಂಗಳೂರಿನಲ್ಲಿ ತಂದೆತಾಯಿಗಳ ಮನೆಯಿರುವವರು ಮಾಡಬಲ್ಲರು. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದಿದವನು ಪರೀಕ್ಷೆ ಮುಗಿದ ವಾರವೇ ಜಾಗ ಬಿಡಬೇಕು. ಬಾಡಿಗೆ ಕೊಟ್ಟು ಪುಕ್ಕಟೆಯಾಗಿ ದುಡಿಯುವುದು ಅವನಿಗೆ ಆಗದ ಮಾತು. ಹೀಗಾಗಿ ಅನುಭವ ಹೆಚ್ಚು ಬೇಕಾಗಿರುವವನಿಗೇ ಅದು ದೊರೆಯದೆ ಹೋಗುತ್ತದೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತವಾದುದು: ಊಟಕ್ಕೂ ಕೊಠಡಿಗೂ ಸಾಲುವಷ್ಟನ್ನಾದರೂ ಕೊಡದ ತರಬೇತಿಯನ್ನು ಪಠ್ಯಕ್ರಮದಲ್ಲಿ ಕಡ್ಡಾಯ ಮಾಡತಕ್ಕದ್ದಲ್ಲ. ನಮ್ಮ ರಾಜ್ಯ ಸರ್ಕಾರವು 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಯುವನಿಧಿ ಯೋಜನೆಯನ್ನು ಪ್ರಾರಂಭಿಸಿ, ನಿರುದ್ಯೋಗಿಗಳಾದ ಪದವೀಧರರಿಗೆ ಎರಡು ವರ್ಷಗಳವರೆಗೆ ತಿಂಗಳಿಗೆ 3,000 ರೂಪಾಯಿ ಕೊಡುವುದಾಗಿ ಸಾರಿತು. ಕಷ್ಟದಲ್ಲಿರುವವರಿಗೆ ಇದು ಆಸರೆಯೇ ಸರಿ. ಆದರೆ ಕಾಯುವುದಕ್ಕೆ ಕೊಡುವ ಹಣಕ್ಕಿಂತ ಕಲಿಯುವುದಕ್ಕೆ ಕೊಡುವ ಹಣ ಹೆಚ್ಚು ಫಲವನ್ನು ಕೊಟ್ಟೀತೆಂದು ನಾನು ನಂಬಿದ್ದೇನೆ.

ಓದನ್ನೂ ದುಡಿಮೆಯನ್ನೂ ಹೆಣೆಯುವುದು ಹೊಸ ಯೋಚನೆಯೇನಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರು 1906ರಲ್ಲಿ ಇಪ್ಪತ್ತೇಳು ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಇದನ್ನು ಆರಂಭಿಸಿದರು. ಒಂದು ವಾರ ತರಗತಿ, ಮರುವಾರ ಕಾರ್ಖಾನೆ. ಒಬ್ಬನು ಕಾರ್ಖಾನೆಯಲ್ಲಿದ್ದಾಗ ಅವನ ಜೊತೆಗಾರನು ತರಗತಿಯಲ್ಲಿ. ಕಾರ್ಖಾನೆಯವರು ಕೂಲಿ ಕೊಡುತ್ತಿದ್ದರು. ನಮ್ಮಲ್ಲಿಯೂ ಸರ್ ಎಂ. ವಿಶ್ವೇಶ್ವರಯ್ಯನವರು ಕೈಕೆಲಸದ ವಿದ್ಯೆಯ ವಿಚಾರವನ್ನು ಎಂದೂ ಬಿಟ್ಟವರಲ್ಲ. 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟು ಏರ್ಪಟ್ಟುದು ಅವರ ಪ್ರಯತ್ನದಿಂದಲೇ.

ಹಾಗಾದರೆ ಕಾಲೇಜುಗಳನ್ನೆಲ್ಲ ತರಬೇತಿಯ ಶಾಲೆಗಳನ್ನಾಗಿ ಮಾಡಬೇಕೆ? ಕೂಡದು. ಯಾವುದೋ ಒಂದು ಕಂಪನಿಯ ಯಾವುದೋ ಒಂದು ಯಂತ್ರವನ್ನು ನಡೆಸುವುದನ್ನು ಕಲಿಸುವುದಕ್ಕೆ ವಿಶ್ವವಿದ್ಯಾನಿಲಯ ಬೇಕಾಗಿಲ್ಲ. ಐದು ವರ್ಷಗಳಲ್ಲಿ ಆ ಯಂತ್ರವೇ ಬದಲಾಗುತ್ತದೆ. ತನ್ನ ಕೆಲಸದ ವಿಶಿಷ್ಟ ಕ್ರಮವನ್ನು ಕಲಿಸುವ ಹೊಣೆ ಕೆಲಸ ಕೊಡುವವನದೇ. ‘ಅನುಭವವಿಲ್ಲದವರು ಬೇಡ’ ಎಂದು ಎಲ್ಲರೂ ಜಾಹೀರಾತು ಕೊಟ್ಟರೆ ಅನುಭವವನ್ನು ಕೊಡುವವರಾರು?

ಕಾಲೇಜು ಮಾಡಬಹುದಾದುದು ಬೇರೆ ಬಗೆಯದು. ಅದಕ್ಕೆ ಹಣವೂ ಹೆಚ್ಚು ಬೇಡ. ಇತಿಹಾಸದ ವಿದ್ಯಾರ್ಥಿಯು ಹತ್ತು ಪುಟದ ಪ್ರಬಂಧವನ್ನು ಬರೆಯುತ್ತಾನೆ. ಅದೇ ವಿಷಯವನ್ನು ಬಿಡುವಿಲ್ಲದ ಅಧಿಕಾರಿಗೆ ಒಂದು ಪುಟದಲ್ಲಿ ತಿಳಿಸುವಂತೆ ಬರೆಯಿಸಬೇಕು. ನಾಲ್ವರಿಗೆ ಸೇರಿ ಒಂದು ಕೆಲಸವನ್ನು ವಹಿಸಿ, ಒಬ್ಬನು ಸೋಮಾರಿಯಾದರೆ ಉಳಿದ ಮೂವರು ಏನು ಮಾಡುತ್ತಾರೆಂದು ನೋಡಬೇಕು. ತಿದ್ದಿದ ಉತ್ತರಪತ್ರಿಕೆಯನ್ನು ಹಿಂದಕ್ಕೆ ಕೊಟ್ಟು, ‘ಇದನ್ನು ಸರಿಮಾಡಿ ಮತ್ತೆ ತಾ’ ಎನ್ನಬೇಕು. ಕಚೇರಿಯಲ್ಲಿ ಎಲ್ಲ ಕಾಗದಗಳೂ ಹಾಗೆ ತಿರುಗಿ ಬರುವುವಷ್ಟೆ. ಅದನ್ನು ಅವಮಾನವೆಂದು ಬಗೆಯದೆ ಇರುವುದಕ್ಕೂ ಅಭ್ಯಾಸ ಬೇಕು. ‘ಸಾರ್, ನೀವು ಬೋರ್ಡಿನ ಮೇಲೆ ಬರೆದುದು ತಪ್ಪು’ ಎಂದು ತರಗತಿಯಲ್ಲಿ ಒಬ್ಬನು ಎದ್ದು ಹೇಳಿದಾಗ ನಾವು ಮುಖ ಗಂಟಿಕ್ಕದಿದ್ದರೆ ಆ ತಕ್ಕಡಿಯ ಹುಡುಗನಂಥವರ ಸಂಖ್ಯೆ ಕಡಮೆಯಾದೀತು.

ಭಾಷೆಯ ವಿಷಯವನ್ನೂ ಹೇಳಬೇಕು. ಸಂದರ್ಶನವೆಂದರೆ ನಮ್ಮ ಹುಡುಗರು ನಡುಗುವುದು ಹೆಚ್ಚಾಗಿ ಇಂಗ್ಲಿಷಿನ ದೆಸೆಯಿಂದ. ಇಂಗ್ಲಿಷು ಬೇಕು, ಅದರಿಂದಲೇ ಹೊಟ್ಟೆ ಹೊರೆಯುತ್ತಿರುವ ನಾನು ಬೇಡವೆನ್ನಲಾರೆ. ಆದರೆ ನಾನು ನೋಡಿದ ಮಟ್ಟಿಗೆ, ತನ್ನ ಕೆಲಸವನ್ನು ಕನ್ನಡದಲ್ಲಿ ಐದು ನಿಮಿಷ ಅಚ್ಚುಕಟ್ಟಾಗಿ ವಿವರಿಸಬಲ್ಲವನು ಆರು ತಿಂಗಳಲ್ಲಿ ಇಂಗ್ಲಿಷಿನಲ್ಲಿಯೂ ವಿವರಿಸಬಲ್ಲವನಾಗುತ್ತಾನೆ. ಕನ್ನಡದಲ್ಲಿಯೇ ತೊದಲುವವನಿಗೆ ಉರುಹೊಡೆದ ಇಂಗ್ಲಿಷ್ ವಾಕ್ಯಗಳು ಎರಡನೆಯ ಪ್ರಶ್ನೆಯವರೆಗೂ ಬರುವುದಿಲ್ಲ. ಆದಕಾರಣ ವಿವರಿಸುವ ಅಭ್ಯಾಸ ಮೊದಲು ತಾಯ್ನುಡಿಯಲ್ಲಿಯೇ ಆಗಲಿ.

ಕೇಳುತ್ತಿರುವವರಲ್ಲಿ ಹಲವರು ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುತ್ತಿರುವವರು. ನೀವು ಓದಿದ ಕಾಲೇಜು ಇನ್ನೂ ನಡೆಯುತ್ತಿರಬಹುದು. ಬೇಸಗೆಯ ರಜೆಯಲ್ಲಿ ಅಲ್ಲಿಯ ಒಬ್ಬ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ಎರಡು ವಾರ ನಿಮ್ಮ ಮೇಜಿನ ಪಕ್ಕದಲ್ಲಿ ಕೂರಿಸಿಕೊಳ್ಳಲು ಮೇಲಧಿಕಾರಿಗಳ ಅನುಮತಿ ಕೇಳಿ ನೋಡಿ. ಬಸ್ಸಿನ ಖರ್ಚನ್ನೂ ಮಧ್ಯಾಹ್ನದ ಊಟವನ್ನೂ ಕೊಟ್ಟರೆ ಸಾಕು. ಪ್ರಿನ್ಸಿಪಾಲರಿಗೆ ಒಂದು ಕಾಗದ ಬರೆದರೆ ಹೆಸರುಗಳ ಪಟ್ಟಿ ಮರುಟಪಾಲಿನಲ್ಲಿಯೇ ಬರುವುದು. ಪಟ್ಟಿಯಲ್ಲಿ ಹಾಸ್ಟೆಲಿನ ಹುಡುಗರ ಹೆಸರು ಮೊದಲು ಇರಲೆಂದು ಆ ಕಾಗದದಲ್ಲಿಯೇ ಸೂಚಿಸಿಬಿಡಿ.